ಕಾರ್ಡು ನಿಂತಿತು, ಕುಬಸದ ಸೀರೆ ನಿಲ್ಲಲಿಲ್ಲ

ಸೀರೆ ಆರಿಸಿಯಾಗಿತ್ತು. ಎಲೆಹಸಿರು ಮೈ, ಕೆಂಪು ಸೆರಗು. ಗಲ್ಲಾದಲ್ಲಿದ್ದ ಹೆಂಗಸು ಅದನ್ನು ಮಡಚಿ ಚೀಲಕ್ಕೆ ಹಾಕಿ, ಕಾರ್ಡ್ ಯಂತ್ರವನ್ನು ಉಷಾರಾಣಿಯವರ ಕಡೆಗೆ ತಿರುಗಿಸಿದಳು. ಉಷಾರಾಣಿ ಕಾರ್ಡನ್ನು ಒಳಗೆ ತೂರಿಸಿ, ಎಡಗೈ ಅಡ್ಡ ಹಿಡಿದು ಪಿನ್ ಒತ್ತಿದರು. ಯಂತ್ರ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಕೀಂಯ್ ಎಂದು ಕೂಗಿ ‘ಡಿಕ್ಲೈನ್ಡ್’ ಎಂದು ತೋರಿಸಿತು. ದುಡ್ಡು ಕೊಡಲು ಬ್ಯಾಂಕು ಒಪ್ಪಲಿಲ್ಲ ಎಂದು ಅದರ ಅರ್ಥ.

ಉಷಾರಾಣಿಗೆ ಮಾತ್ರ ಅರ್ಥವಾಗಲಿಲ್ಲ. ಖಾತೆಯಲ್ಲಿ ದುಡ್ಡು ಇದೆ. ಅದು ತಾನೇ ದುಡಿದ ದುಡ್ಡು. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ, ಮಗನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಆಸುಪಾಸಿನ ಹೆಣ್ಣುಮಕ್ಕಳ ರವಿಕೆ ಹೊಲಿದು ಕೂಡಿಸಿದ್ದು. ಮೊನ್ನೆ ಪ್ಲೇನೋದಲ್ಲಿ ತರಕಾರಿ ಕೊಂಡಾಗ ಇದೇ ಕಾರ್ಡು ಚಕಾರ ಎತ್ತದೆ ಕೆಲಸ ಮಾಡಿತ್ತು. ಇಲ್ಲಿ ಹೂಸ್ಟನ್ನಿಗೆ ಬಂದ ಕೂಡಲೇ ಇದಕ್ಕೆ ಏನಾಯಿತು?

ಬೇರೆ ದಿನವಾಗಿದ್ದರೆ ಬಿಟ್ಟು ಹೋಗಬಹುದಿತ್ತು. ಅಂದು ಸಂಜೆ ತಂಗಿಯ ಮಗಳು ಸಿಯಾಳ ಕುಬಸ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಶುಭಕಾರ್ಯ. ವೀಸಾ ಸಿಗದೆ ತಂಗಿ ಹುಬ್ಬಳ್ಳಿಯಲ್ಲೇ ಉಳಿದಿದ್ದಳು. ‘ಅಕ್ಕಾ, ನನ್ನ ಬದಲಿಗೆ ನೀನಽ ತವರು’ ಎಂದು ಫೋನಿನಲ್ಲಿ ಅತ್ತಿದ್ದಳು. ತವರಿನ ಸೀರೆಯನ್ನು ಬೇರೆ ಯಾರ ದುಡ್ಡಿನಲ್ಲಿ ಕೊಂಡರೂ ಅದು ತವರಿನದಾಗುವುದಿಲ್ಲ.

ಇನ್ನೊಮ್ಮೆ ನೋಡೋಣವೇ ಎಂದು ಗಲ್ಲಾದ ಹೆಂಗಸು ಮೆಲ್ಲಗೆ ಕೇಳಿದಳು. ಹಿಂದಿದ್ದವರಿಗೆ ಕೇಳಿಸದಿರಲಿ ಎಂದು ಅವಳು ದನಿ ತಗ್ಗಿಸಿದ್ದನ್ನು ಉಷಾರಾಣಿ ಗಮನಿಸಿದರು. ಆದರೆ ಪಕ್ಕದಲ್ಲಿದ್ದ ಪತಿ ಚನ್ನಬಸಪ್ಪನವರಿಗೆ ದನಿ ತಗ್ಗಿಸಿ ಗೊತ್ತಿರಲಿಲ್ಲ.

“ಪಿನ್ ಬರೋಬ್ಬರಿ ಒತ್ತೀದಿ ಹೌದಲ್ಲ? ನಮ್ಮ ಲಗ್ನಾದ ಇಸವಿ?”

ಉಷಾರಾಣಿ ಅವರನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಬಾಯಿ ಮುಚ್ಚುತ್ತಿದ್ದರು. ಪುಣ್ಯಕ್ಕೆ ಆ ಸಾಲಿನಲ್ಲಿ ಕನ್ನಡ ಬಲ್ಲವರು ಇದ್ದಂತೆ ಕಾಣಲಿಲ್ಲ.

ಎರಡನೆಯ ಸಲವೂ ಕೀಂಯ್. ಅಷ್ಟರಲ್ಲಿ ಕೈಚೀಲದಲ್ಲಿದ್ದ ಫೋನು ನಡುಗಿತು. ಬ್ಯಾಂಕಿನ ಹೆಸರಿನಲ್ಲಿ ಒಂದು ಸಂದೇಶ: ಹೂಸ್ಟನ್ನಿನ ಈ ಅಂಗಡಿಯಲ್ಲಿ ಕಾರ್ಡು ಬಳಸಿದ್ದು ನೀವೇನಾ? ಹೌದಾದರೆ ‘ಯೆಸ್’, ಅಲ್ಲವಾದರೆ ‘ನೋ’ ಎಂದು ಉತ್ತರಿಸಿ. ಉಷಾರಾಣಿಯ ತಲೆ ಇನ್ನಷ್ಟು ಗಿರ್ರೆಂದಿತು. ಯಂತ್ರ ಆಗಲಿಲ್ಲ ಅನ್ನುತ್ತದೆ, ಫೋನು ಮಾಡಿದಿರಾ ಅನ್ನುತ್ತದೆ. ಆಗದೇ ಇರುವ ವ್ಯಾಪಾರದ ಬಗ್ಗೆ ಇವರಿಗೆ ಹೇಳಿದವರು ಯಾರು?

ಚನ್ನಬಸಪ್ಪ ಕನ್ನಡಕ ಏರಿಸಿ ಓದಿದರು. ಊರಿನಲ್ಲಿ ಶ್ರೀಶೈಲ್ ಮಾಸ್ತರಿಗೆ ಹೀಗೇ ಒಂದು ಸಂದೇಶ ಬಂದು ಪಿಂಚಣಿ ದುಡ್ಡೆಲ್ಲ ಗುಳುಂ ಆದದ್ದು ಅವರಿಗೆ ನೆನಪಾಯಿತು. ಬ್ಯಾಂಕಿನ ಹೆಸರು ಹೇಳಿ ಬರುವ ಯಾವುದನ್ನೂ ನಂಬಬೇಡಿ ಎಂದು ಅಲ್ಲಿ ಫೋನು ಎತ್ತಿದರೆ ಸಾಕು, ಎಚ್ಚರಿಕೆಯ ದನಿ ಕೇಳಿಸುತ್ತಿತ್ತು.

“ಕಳ್ಳರು ಇವರು. ನೋ ಅಂತ ಹೊಡದ್ ಬಿಡು. ಇಲ್ಲ ಅಂದವರ ತಂಟೇಕ ಯಾರೂ ಬರಂಗಿಲ್ಲ.”

ಉಷಾರಾಣಿಗೂ ಅದೇ ಸರಿ ಅನಿಸಿತು. ‘ನೋ’ ಎಂದು ಕಳಿಸಿದರು. ಮೂರನೆಯ ಸಲ ಕಾರ್ಡು ತೂರಿಸಿದಾಗ ಯಂತ್ರ ಯೋಚನೆಯನ್ನೂ ಮಾಡಲಿಲ್ಲ, ತಕ್ಷಣ ಕೂಗಿತು.

ಹಿಂದೆ ನಿಂತಿದ್ದ ತೆಲುಗು ಹೆಂಗಸೊಬ್ಬರು ಮುಂದೆ ಬಾಗಿ, ತಾನು ಈಗ ಕೊಟ್ಟಿರುತ್ತೇನೆ, ಆಮೇಲೆ ಕಳಿಸಿದರಾಯಿತು ಎಂದರು. ಗುರುತಿಲ್ಲ, ಪರಿಚಯವಿಲ್ಲ. ಉಷಾರಾಣಿಯ ಕಣ್ಣು ತುಂಬಿತು. ಬೇಡಮ್ಮಾ ಎಂದು ಕೈ ಮುಗಿದರು. ಚನ್ನಬಸಪ್ಪ ಮಾತ್ರ ತಮ್ಮ ತೀರ್ಪು ಕೊಟ್ಟೇ ಬಿಟ್ಟರು. ಈ ಪ್ಲಾಸ್ಟಿಕ್ ತುಂಡು ನಂಬಿ ಬಂದದ್ದೇ ತಪ್ಪು, ಸಿಯಾಳ ಅತ್ತೆಗೆ ಫೋನು ಮಾಡಿದರೆ ಅವರೇ ಕೊಡುತ್ತಾರೆ ಎಂದರು.

“ಬೀಗಿತ್ತಿ ರೊಕ್ಕದಾಗ ತವರ ಸೀರೀನಾ?” ಎಂದು ಉಷಾರಾಣಿ ಕೇಳಿದರು. “ಅದಕಿಂತ ಬರೀಗೈಲೆ ಹೋಗೂದ ಚಲೋ.”

ಆ ಹೊತ್ತಿಗೆ ಪಕ್ಕದ ಅಂಗಡಿಯಿಂದ ಹಸಿರು ಬಳೆಯ ಡಬ್ಬಿ ಹಿಡಿದು ಲೀಲಾವತಿ ಬಂದರು. ಮೈಸೂರಿನವರು, ಸಿಯಾಳ ಪಕ್ಕದ ಮನೆಯವರು, ಇವರಿಬ್ಬರನ್ನೂ ಕಾರಿನಲ್ಲಿ ಕರೆತಂದವರು. ಇಬ್ಬರ ಮುಖ ನೋಡಿದವರೇ ಅವರು ಏನಾಯಿತೆಂದು ಕೇಳಲಿಲ್ಲ. ಮೊದಲು ಗಲ್ಲಾದವಳಿಗೆ, ಸೀರೆಯನ್ನು ಮಧ್ಯಾಹ್ನದವರೆಗೆ ತೆಗೆದಿಡಲು ಆಗುತ್ತದೆಯೇ ಎಂದು ಕೇಳಿದರು. ಅವಳು ಚೀಲವನ್ನು ಗಲ್ಲಾದ ಕೆಳಗಿಟ್ಟು, ಚೀಟಿಯಲ್ಲಿ ‘ಉಷಾ ಆಂಟಿ’ ಎಂದು ಬರೆದು ಅಂಟಿಸಿದಳು. ಸಾಲು ಮುಂದೆ ಸರಿಯಿತು. ಸೀರೆ ತೋರಿಸುವ ಮೂಲೆಯಲ್ಲಿ ಮೂವರೂ ಕುಳಿತರು.

ಸಂದೇಶ ನೋಡಿದ ಲೀಲಾವತಿ ನಗು ತಡೆದುಕೊಂಡರು.

“ಇದು ನಿಜವಾಗ್ಲೂ ಬ್ಯಾಂಕಿಂದೇ ಬಂದಿರೋ ಹಾಗಿದೆ ಉಷಾ ಅವರೇ. ಪ್ಲೇನೋದಲ್ಲಿ ತರಕಾರಿ ತಗೊಳ್ಳೋ ಕಾರ್ಡು ಇದ್ದಕ್ಕಿದ್ದ ಹಾಗೆ ಹೂಸ್ಟನ್ನಲ್ಲಿ ರೇಷ್ಮೆ ಸೀರೆ ಕೊಂಡ್ರೆ ಅವರಿಗೆ ಅನುಮಾನ ಬರಲ್ವಾ? ನೀವೇನಾ ಅಂತ ಕೇಳಿದಾರೆ. ನಾನಲ್ಲ ಅಂದ್ರಿ. ಕಳ್ಳ ಅಂದ್ಕೊಂಡು ಬಾಗಿಲು ಹಾಕಿದಾರೆ.”

“ಹಂಗಾರ ಕಳ್ಳ ಯಾರು?” ಚನ್ನಬಸಪ್ಪ ಕೇಳಿದರು.

“ಸದ್ಯಕ್ಕೆ ನೀವಿಬ್ರೇ.”

ಉಷಾರಾಣಿ ನಗಲಿಲ್ಲ. ಅವರಿಗೆ ಇನ್ನೂ ಗೊಂದಲ. “ಊರಾಗ ಮೆಸೇಜಿಗೆ ಉತ್ತರಾ ಕೊಡಬ್ಯಾಡ್ರಿ ಅಂತಾರ. ಇಲ್ಲೆ ನೋಡಿದ್ರ ಹಿಂಗ. ಯಾವುದ ಖರೇ ಲೀಲಾವತಿ?”

“ಮೆಸೇಜನ್ನ ನಂಬ್ಲೂಬೇಡಿ, ಹಾಗೇ ಬಿಡ್ಲೂಬೇಡಿ. ಕಾರ್ಡ್ ತಿರುಗ್ಸಿ.”

ಉಷಾರಾಣಿ ತಿರುಗಿಸಿದರು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಫೋನ್ ನಂಬರು. ಇಷ್ಟು ದಿನ ಅದು ಅಲ್ಲೇ ಇತ್ತು, ಅವರು ಓದಿರಲಿಲ್ಲ. ಸಂದೇಶದಲ್ಲಿರುವ ನಂಬರಿಗಲ್ಲ, ಹುಡುಕಿದಾಗ ಸಿಗುವ ನಂಬರಿಗೂ ಅಲ್ಲ, ಈ ನಂಬರಿಗೆ ನಾವಾಗಿಯೇ ಫೋನು ಮಾಡಬೇಕು, ಆಗ ಆ ಕಡೆ ಇರುವವರು ಬ್ಯಾಂಕಿನವರೇ ಎಂದು ಲೀಲಾವತಿ ವಿವರಿಸಿದರು. ಹೆಸರು, ವಿಳಾಸ, ಹುಟ್ಟಿದ ದಿನ ಕೇಳಿಯಾರು, ಪಿನ್ ಕೇಳುವುದಿಲ್ಲ. ಕೇಳಿದರೆ ಫೋನು ಇಟ್ಟುಬಿಡಬೇಕು. ಇಷ್ಟು ಹೇಳಿ ಅವರು ತಮ್ಮದೊಂದು ಕತೆಯನ್ನೂ ಸೇರಿಸಿದರು. ಮಗಳ ಪದವಿ ಸಮಾರಂಭಕ್ಕೆಂದು ಆಸ್ಟಿನ್ನಿಗೆ ಹೋದಾಗ ಅವರ ಕಾರ್ಡೂ ಹೀಗೇ ನಿಂತಿತ್ತಂತೆ. ತುಂಬಿದ ತಳ್ಳುಗಾಡಿಯನ್ನು ಅಂಗಡಿಯಲ್ಲೇ ಬಿಟ್ಟು ಕಾರಿನಲ್ಲಿ ಕೂತು ಅತ್ತಿದ್ದರಂತೆ. ಅಂದು ಕಾರ್ಡು ತಿರುಗಿಸಿ ನೋಡು ಎಂದು ಹೇಳುವವರು ಜೊತೆಯಲ್ಲಿ ಇರಲಿಲ್ಲ.

ಉಷಾರಾಣಿ ಫೋನು ಮಾಡಿದರು. ಆ ಕಡೆಯ ಹೆಣ್ಣುದನಿ ನಿಧಾನವಾಗಿ ಮಾತಾಡಿತು, ಕೇಳಿದ್ದನ್ನು ಬೇಸರವಿಲ್ಲದೆ ಮತ್ತೆ ಹೇಳಿತು. ಸಂದೇಶ ಬ್ಯಾಂಕಿನದೇ ಎಂದು ಖಾತ್ರಿಯಾಯಿತು. ಆದರೆ ‘ನೋ’ ಎಂದ ಮೇಲೆ ಹಳೆಯ ಕಾರ್ಡು ರದ್ದಾಗಿತ್ತು. ಹೊಸದು ಅಂಚೆಯಲ್ಲಿ ಪ್ಲೇನೋ ಮನೆಗೆ ಬರುತ್ತದೆ.

ಅಂಚೆಯಲ್ಲಿ ಬರುವ ಕಾರ್ಡು ಇಂದಿನ ಕುಬಸಕ್ಕೆ ಏನು ಪ್ರಯೋಜನ? ಉಷಾರಾಣಿ ಫೋನು ಇಟ್ಟು ಬಳೆಯ ಡಬ್ಬಿಯನ್ನೇ ನೋಡುತ್ತಾ ಕುಳಿತರು. ಎಲ್ಲ ಹೋಯಿತು ಎಂದರು.

“ಏನು ಹೋಯ್ತು?” ಎಂದರು ಲೀಲಾವತಿ. “ಬೀಗದ ಕೈ ಮುರೀತು ಅಷ್ಟೆ. ಪೆಟ್ಟಿಗೆ ಒಳಗೆ ದುಡ್ಡು ಇದ್ದಲ್ಲೇ ಇದೆ. ನಿಮ್ಮ ಬ್ಯಾಂಕಿನ ಶಾಖೆ ಇದೇ ರಸ್ತೇಲಿದೆ. ಶನಿವಾರ ಮಧ್ಯಾಹ್ನ ಮುಚ್ಚಿಬಿಡ್ತಾರೆ, ಈಗಲೇ ಹೋದ್ರೆ ಸಿಗತ್ತೆ. ಫೋಟೋ ಇರೋ ಗುರುತಿನ ಚೀಟಿ ತಂದಿದೀರಾ?”

ಉಷಾರಾಣಿಯ ಚೀಲದಲ್ಲಿ ಅದು ಇರಲಿಲ್ಲ. ಆಗ ಚನ್ನಬಸಪ್ಪ ಸದ್ದಿಲ್ಲದೆ ಅಂಗಿಯೊಳಗೆ ಕೈ ಹಾಕಿ, ಕೊರಳಿಗೆ ನೇತುಹಾಕಿಕೊಂಡಿದ್ದ ಬಟ್ಟೆಯ ಚೀಲ ಹೊರಗೆಳೆದರು. ಅದರಲ್ಲಿ ಇಬ್ಬರ ಪಾಸ್‌ಪೋರ್ಟು, ಇಬ್ಬರ ಟೆಕ್ಸಾಸ್ ಗುರುತಿನ ಚೀಟಿ. ತರಕಾರಿ ತರಲು ಹೋದರೂ ಅದು ಅವರ ಎದೆಯ ಮೇಲೆಯೇ. ‘ಮಾವ, ವಿಮಾನ ಹತ್ತೋದಿದೆಯಾ?’ ಎಂದು ಸೊಸೆ ಸಂಹಿತಾ ದಿನಾ ಕಾಡುವುದು ಇದಕ್ಕೇ.

“ನಗ್ತಿದ್ರಲ್ಲ ಎಲ್ಲಾರೂ,” ಎಂದರು ಚನ್ನಬಸಪ್ಪ.

ಶಾಖೆಯ ಬಾಗಿಲು ಇನ್ನೂ ತೆರೆದಿತ್ತು. ಕೌಂಟರಿನಾಕೆ ಗುರುತಿನ ಚೀಟಿ ನೋಡಿದಳು, ಒಂದೆರಡು ಪ್ರಶ್ನೆ ಕೇಳಿದಳು, ಸಹಿ ಹಾಕಿಸಿಕೊಂಡಳು. ಕಾರ್ಡೇ ಇಲ್ಲದೆ ಉಷಾರಾಣಿಯ ದುಡ್ಡು ಉಷಾರಾಣಿಯ ಕೈಗೆ ಬಂತು. ಅಂಗಡಿಯಲ್ಲಿ ನಿಂತುಹೋದ ವ್ಯವಹಾರದ ಮೊತ್ತ ಖಾತೆಯಲ್ಲಿ ತಡೆಹಿಡಿದಂತೆ ಕಂಡರೆ ಗಾಬರಿ ಬೇಡ, ಕೆಲವು ದಿನಗಳಲ್ಲಿ ಅದು ತಾನಾಗಿ ಬಿಡುಗಡೆಯಾಗುತ್ತದೆ, ಆಗದಿದ್ದರೆ ಫೋನು ಮಾಡಿ ಎಂದಳು. ಹೊಸ ಕಾರ್ಡಿಗೆ ಊಹಿಸಲಾಗದ ಪಿನ್ ಇಡಿ ಎಂದೂ ಹೇಳಿದಳು. ಉಷಾರಾಣಿ ಪತಿಯ ಕಡೆ ತಿರುಗಿದರು. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು.

ಅಂಗಡಿಗೆ ಮರಳಿದಾಗ ಸೀರೆ ಚೀಲದೊಳಗೇ ಇತ್ತು. ಕಾದಿದ್ದ ಗಲ್ಲಾದ ಹೆಂಗಸು ಒಂದು ಹಸಿರು ರವಿಕೆ ಕಣವನ್ನೂ ಅದರ ಮೇಲಿಟ್ಟಿದ್ದಳು. ಇದು ಸೀರೆ ಉಡುವ ಹೆಣ್ಣುಮಗಳಿಗೆ ನನ್ನ ಕಡೆಯಿಂದ ಎಂದಳು.

ಸಂಜೆ ಸಿಯಾ ಆ ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು. ಹುಬ್ಬಳ್ಳಿಯಲ್ಲಿ ನಸುಕಿನಲ್ಲೇ ಎದ್ದಿದ್ದ ತಂಗಿ ವಿಡಿಯೋದಲ್ಲಿ ನೋಡುತ್ತಿದ್ದಳು. ಸೆರಗು ಸರಿಪಡಿಸುತ್ತಿದ್ದ ಉಷಾರಾಣಿಯ ಕೈ ಹಿಡಿದು ಸಿಯಾ ಕೇಳಿದಳು: “ದೊಡ್ಡವ್ವಾ, ಇದು ಅವ್ವ ಕಳಿಸಿದ ಸೀರೀನಾ?”

“ತವರ ಸೀರೀ ಅವ್ವಾ,” ಎಂದರು ಉಷಾರಾಣಿ.

ಆರತಿಯ ಹಾಡಿನ ನಡುವೆ ಚನ್ನಬಸಪ್ಪ ಲೀಲಾವತಿಯ ಪಕ್ಕಕ್ಕೆ ಬಂದು ತಮ್ಮ ಕಾರ್ಡು ತೆಗೆದರು. ಅದರ ಹಿಂಬದಿಯ ನಂಬರನ್ನು ಫೋನಿನಲ್ಲಿ ಹೇಗೆ ಉಳಿಸುವುದು ಎಂದು ಕೇಳಿದರು. ಕಾರ್ಡೇ ಕಳೆದುಹೋದರೆ ಅದರ ಬೆನ್ನಿನ ನಂಬರೂ ಅದರ ಜೊತೆಗೇ ಹೋಗುತ್ತದಲ್ಲ, ಎಂದರು. ಅದು ಲೀಲಾವತಿಗೂ ಹೊಳೆದಿರಲಿಲ್ಲ. ಅವರೂ ತಮ್ಮ ಕಾರ್ಡು ತೆಗೆದರು.

ಪ್ರೀತಿಯ ಅಕ್ಕಂದಿರೇ, ಅಣ್ಣಂದಿರೇ, ಡಲ್ಲಾಸ್ ಇರಲಿ, ಹೂಸ್ಟನ್ ಇರಲಿ, ಆಸ್ಟಿನ್ ಇರಲಿ, ಒಂದು ದಿನ ನಿಮ್ಮ ಕಾರ್ಡೂ ಕೀಂಯ್ ಎನ್ನಬಹುದು. ಹೊಸ ಊರು, ದೊಡ್ಡ ಮೊತ್ತ, ದಿನದ ಮಿತಿ, ತಪ್ಪಿದ ಪಿನ್, ಕಾರಣ ಏನು ಬೇಕಾದರೂ ಇರಬಹುದು. ಅದು ನಿಮ್ಮ ಅವಮಾನವಲ್ಲ. ಮತ್ತೆ ಮತ್ತೆ ತೂರಿಸಬೇಡಿ. ಸಾಮಾನು ತೆಗೆದಿಡಲು ಹೇಳಿ ಪಕ್ಕಕ್ಕೆ ಬನ್ನಿ. ಪಿನ್ನನ್ನು ಯಾರಿಗೂ ಹೇಳಬೇಡಿ, ಕೂಗಿ ಹೇಳುವವರನ್ನು ಜೊತೆಗೆ ಕರೆದೊಯ್ದರೂ ಸ್ವಲ್ಪ ದೂರ ನಿಲ್ಲಿಸಿ. ದೂರದ ಊರಿಗೆ ಹೊರಟಾಗ ಗುರುತಿನ ಚೀಟಿಯನ್ನೂ ಸ್ವಲ್ಪ ನಗದನ್ನೂ ಇಟ್ಟುಕೊಳ್ಳಿ. ಸಂದೇಶ ಬಂದರೆ ಅವಸರದಲ್ಲಿ ಏನನ್ನೂ ಒತ್ತಬೇಡಿ. ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಫೋನು ಮಾಡಿ.

ಆ ನಂಬರನ್ನು ಇಂದಿನವರೆಗೆ ಓದಿಲ್ಲವೇ? ಹಾಗಾದರೆ ಈ ಹಾಳೆಯನ್ನು ಕೆಳಗಿಡಿ. ಮೊದಲು ಕಾರ್ಡು ತಿರುಗಿಸಿ.