ಬಿಟ್ಟ ಚುಕ್ಕಿ

ನಾನು ದೆವ್ವದ ಆಟ. ಹೆದರಬೇಡಿ, ಈಗ ನನ್ನ ಮೈತುಂಬ ವಿಭೂತಿ ಇದೆ.

ಅಂಗೈ ಅಗಲದ ಹಳದಿ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಹಸಿರು ಹಲಗೆ, ಕೆಳಗೆ ಹಿತ್ತಾಳೆ ಬಣ್ಣದ ಪಟ್ಟಿಗಳ ಸಾಲು, ಇಷ್ಟೇ ನಾನು. ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಯಲ್ಲಿ ನನ್ನನ್ನು ಸಿಕ್ಕಿಸಿ ಗುಂಡಿ ಒತ್ತಿದರೆ ಪರದೆಯ ಮೇಲೆ ಹುಣ್ಣಿಮೆ ಚಂದ್ರ ಮೂಡುತ್ತಾನೆ. ಬಾವಲಿಗಳು ಹಾರುತ್ತವೆ. ಚೂಪು ಗೋಪುರಗಳ ಹಳೆಯ ಕೋಟೆಯೊಂದು ಕಾಣುತ್ತದೆ. ಆ ಕೋಟೆಯ ಒಡೆಯ ರಕ್ತ ಕುಡಿದು ಬದುಕುವ ಪಿಶಾಚಿ. ಬೆಳ್ಳಿಯ ಈಟಿ ಹಿಡಿದ ಬೇಟೆಗಾರ ಎಂಟು ಅಂತಸ್ತು ಹತ್ತಿ ಅವನನ್ನು ಕೊಲ್ಲಬೇಕು. ನನ್ನನ್ನು ಮಾಡಿದ್ದೇ ಅದಕ್ಕೆ.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಊರಿನ ಒಂದು ಶೆಡ್ಡಿನಲ್ಲಿ. ಸುಳ್ಳೇಕೆ ಹೇಳಲಿ, ನಾನು ಅಸಲಿಯಲ್ಲ, ನಕಲು. ಅಸಲಿಯಿಂದ ಇಳಿಸಿಕೊಂಡ ಸಾವಿರಾರು ಡಬ್ಬಿಗಳಲ್ಲಿ ನಾನೂ ಒಂದು. ಆದರೆ ಹೆದರಿಸುವುದರಲ್ಲಿ ಅಸಲಿಗಿಂತ ಗುಲಗಂಜಿಯಷ್ಟೂ ಕಡಿಮೆಯಿಲ್ಲ. ಒಂದೇ ಒಂದು ಕೊರತೆ ಇದೆ. ನನ್ನನ್ನು ಆಡಿದವರ ಮುಖ, ಅವರಾಡಿದ ಮಾತು ನನಗೆ ಮರೆಯುವುದಿಲ್ಲ. ಆಟ ಎಲ್ಲಿಗೆ ನಿಂತಿತ್ತು ಎಂಬುದು ಮಾತ್ರ ಉಳಿಯುವುದಿಲ್ಲ. ಅದಕ್ಕೆ ಆಟ ನಿಲ್ಲಿಸುವಾಗ ನಾನೊಂದು ಗುರುತು ತೋರಿಸುತ್ತೇನೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ. ಹತ್ತಿದ ಒಂದೊಂದು ಅಂತಸ್ತಿಗೆ ಒಂದು ಚುಕ್ಕಿಯ ಮೇಲೆ ದೀಪ. ಕೂಡಿಟ್ಟ ಒಂದೊಂದು ಕೆಂಪು ಶೀಶೆಗೆ ಒಂದು ಚುಕ್ಕಿಯ ಮೇಲೆ ಅರ್ಧಚಂದ್ರ. ಶೀಶೆ ಎಂದರೆ ಬೇಟೆಗಾರನ ಜೀವದ ಔಷಧ. ಸೋತಾಗ ಕುಡಿದರೆ ಚೇತರಿಸಿಕೊಳ್ಳುತ್ತಾನೆ. ಮುಂದಿನ ಸಲ ಆ ಗುರುತನ್ನು ಹಾಗೆಯೇ ತುಂಬಿಕೊಟ್ಟರೆ ಬಿಟ್ಟಲ್ಲಿಂದ ಆಟ ಶುರು.

ಹುಬ್ಬಳ್ಳಿಯ ಅಂಗಡಿಯೊಂದರಿಂದ ಧಾರವಾಡದ ಒಬ್ಬ ವಕೀಲರ ಮನೆಗೆ ಬಂದೆ. ಅವರ ಮಗ ನಾಲ್ಕನೇ ಅಂತಸ್ತಿನಲ್ಲೇ ಎಡವಿ ಎಡವಿ ಬಿದ್ದ. ಆಮೇಲೆ ಎಸೆಸೆಲ್ಸಿಯಲ್ಲೂ ಬಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು; ತಪ್ಪೆಲ್ಲ ನನ್ನ ತಲೆಗೆ ಬಂತು. ವಕೀಲರ ಹೆಂಡತಿ ನನ್ನನ್ನು ಪೆಟ್ಟಿಗೆ ಸಮೇತ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ದಾನ ಮಾಡಿ ಕೈ ತೊಳೆದುಕೊಂಡರು.

ಆ ವಾರ್ಡಿನ ಮಕ್ಕಳ ಮೈಯಲ್ಲಿ ಬೇಕಾದಷ್ಟು ರಕ್ತ ತಯಾರಾಗುತ್ತಿರಲಿಲ್ಲ. ಹುಟ್ಟಿನಿಂದಲೇ ಬಂದ ರೋಗ. ಇಪ್ಪತ್ತೊಂದು ದಿನಕ್ಕೊಮ್ಮೆ ಬಂದು ಮಲಗಿ, ಬೇರೆಯವರು ಕೊಟ್ಟ ರಕ್ತವನ್ನು ನಾಲ್ಕೈದು ತಾಸು ತೊಟ್ಟು ತೊಟ್ಟಾಗಿ ಏರಿಸಿಕೊಂಡು ಹೋಗಬೇಕು. ವಾರ್ಡಿನ ನರ್ಸ್ ಎಸ್ತೇರಮ್ಮ ಗದುಗಿನ ಕಡೆಯವರು, ದೊಡ್ಡ ಗಂಟಲು. ಮೊದಲ ಸಲ ಟಿವಿಯಲ್ಲಿ ನನ್ನ ಗೋರಿಗಳು ಕಂಡಾಗ ಹೌಹಾರಿಬಿಟ್ಟರು.

"ಯೇಸಪ್ಪಾ! ದವಾಖಾನಿಗೆ ಸ್ಮಶಾನದ ಆಟ ತಂದ ಕೊಟ್ಟಾರಲ್ಲ, ಇವರಿಗೇನ ಬುದ್ಧಿಗಿದ್ಧಿ ಐತೋ ಇಲ್ಲೋ!"

ಆದರೆ ಅವತ್ತು ಸೂಜಿ ಚುಚ್ಚುವಾಗ ಒಂದು ಮಗುವೂ ಅಳಲಿಲ್ಲ. ಎಲ್ಲರ ಕಣ್ಣೂ ಬಾವಲಿಗಳ ಮೇಲಿತ್ತು. ಎಸ್ತೇರಮ್ಮ ಮತ್ತೆ ನನ್ನ ತಂಟೆಗೆ ಬರಲಿಲ್ಲ. ಮಕ್ಕಳು ನನ್ನ ಕೋಟೆಗೆ 'ವಾಡೆ' ಎಂದೂ ಒಡೆಯನಿಗೆ 'ವಾಡೇದ ಧಣಿ' ಎಂದೂ ಹೆಸರಿಟ್ಟರು.

ಅಲ್ಲಿಯೇ ನನಗೆ ದಾನಮ್ಮ ಸಿಕ್ಕಿದ್ದು. ಹನ್ನೊಂದು ವರ್ಷ, ಕಡ್ಡಿಯಂಥ ಕೈಕಾಲು, ಹಳದಿಗಣ್ಣು, ಮಾತು ಮಾತ್ರ ಮೆಣಸಿನಕಾಯಿ. ಎಡಗೈಗೆ ಸೂಜಿ ಚುಚ್ಚಿ ಹಲಗೆ ಕಟ್ಟಿರುತ್ತಿದ್ದರಿಂದ ಅವಳಿಗೆ ಆಡಲು ಒಂದೇ ಕೈ. ಪಕ್ಕದ ಮಂಚದಲ್ಲಿ ಆರು ವರ್ಷದ ಶಾಹೀನ, ಅದೇ ರೋಗ. ಅವಳಿಗೆ ಬಲಗೈಗೆ ಸೂಜಿ. ಎರಡು ಮಂಚದ ನಡುವೆ ಸ್ಟೂಲು ಹಾಕಿ ಆಟದ ಹಿಡಿಕೆಯನ್ನು ಅದರ ಮೇಲಿಡುತ್ತಿದ್ದರು. ದಿಕ್ಕಿನ ಗುಂಡಿ ಶಾಹೀನಳ ಎಡಗೈಗೆ, ಹೊಡೆಯುವ ಗುಂಡಿ ದಾನಮ್ಮನ ಬಲಗೈಗೆ. ಇಬ್ಬರೂ ಸೇರಿ ಒಬ್ಬ ಬೇಟೆಗಾರ.

"ಏ ಶಾಹೀನ, ಎಡಕ್ಕ ಅಂದ್ರ ಎಡಕ್ಕ! ನಿನಗ ಎಡಾ ಬಲಾ ಗೊತ್ತಿಲ್ಲೇನ?"

"ನೀ ಲಗೂ ಹೊಡಿಯಕ್ಕಾ, ಬಾವಲಿ ಬಂತು!"

ಎರಡು ಕೈಯಿದ್ದ ವಕೀಲರ ಮಗ ನಾಲ್ಕನೇ ಅಂತಸ್ತು ದಾಟಲಿಲ್ಲ. ಇವರು ನಾಲ್ಕು ತಿಂಗಳಲ್ಲಿ ಆರು ದಾಟಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಗೆ ಹೇಳಲಿ!

ಗುರುತನ್ನು ಬರೆದಿಡಲು ದಾನಮ್ಮ ಕಾಗದ ಹುಡುಕಲಿಲ್ಲ. ನಾಲ್ಕು ಸಾಲು ಚುಕ್ಕಿ, ದೀಪ, ಚಂದ್ರ. ಧಾರವಾಡದ ಹುಡುಗಿಗೆ ಅದು ಬೇರೇನಾಗಿ ಕಂಡೀತು? ಮನೆಗೆ ಹೋಗಿ ಮರುದಿನ ಬೆಳಿಗ್ಗೆ ಹೊಸ್ತಿಲ ಮುಂದೆ ಅದನ್ನೇ ರಂಗೋಲಿ ಹಾಕುತ್ತಿದ್ದಳು. ಇಪ್ಪತ್ತೊಂದು ದಿನ ದಿನಾ ಹಾಕಿದರೆ ಕೈ ಮರೆಯುವುದಾದರೂ ಹೇಗೆ? ಅವಳ ತಾಯಿ ಮಹಾನಂದಾ ಒಮ್ಮೆ ಎಸ್ತೇರಮ್ಮನ ಮುಂದೆ, "ನನ್ನ ಮಗಳ ರಂಗೋಳ್ಯಾಗ ಸಲಕ್ಕೊಂದು ದೀಪ ಹೆಚ್ಚಾಗಾಕತ್ತಾವ್ರಿ" ಎಂದು ನಕ್ಕಿದ್ದಳು.

ಮಹಾನಂದಾ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಗಂಡ ತೀರಿಕೊಂಡಿದ್ದ. ಮಗಳ ಸರದಿಯ ದಿನ ಹತ್ತಿರ ಬಂತೆಂದರೆ ಕಾಲೇಜಿನ ಗೇಟಿನ ಮುಂದೆ ನಿಂತು, ಹೋಗಿ ಬರುವ ಹುಡುಗರನ್ನೆಲ್ಲ ತಡೆದು, "ಯಪ್ಪಾ, ನಿನ್ನ ರಕ್ತ ಬಿ ಪಾಸಿಟಿವ್ ಐತೇನು?" ಎಂದು ಕೇಳುತ್ತಿದ್ದಳು. ಕೆಲವರು ಬರುತ್ತಿದ್ದರು, ಕೆಲವರು ನಗುತ್ತಿದ್ದರು. ದಾನಮ್ಮನಿಗೆ ಇದು ಗೊತ್ತಿತ್ತು.

"ಹೆಸರು ನೋಡಿದ್ರ ದಾನಮ್ಮ," ಎಂದು ತನ್ನನ್ನೇ ಛೇಡಿಸಿಕೊಳ್ಳುತ್ತಿದ್ದಳು. "ಹುಟ್ಟಿದಾಗಿಂದ ಮಂದೀದು ಇಸಗೊಳ್ಳೂದೊಂದ ಕೆಲಸ."

ಎಂಟನೆಯ ಅಂತಸ್ತು ಮುಗಿದು ಕೊನೆಯ ಬಾಗಿಲ ಮುಂದೆ ಬೇಟೆಗಾರ ನಿಂತ ದಿನ ವಾರ್ಡೆಲ್ಲ ಚಪ್ಪಾಳೆ ತಟ್ಟಿತು. ಎಂಟು ದೀಪ, ಎಂಟು ಶೀಶೆ, ಹದಿನಾರು ಚುಕ್ಕಿಗೆ ಸರಿಯಾಯಿತು. ಒಂದನ್ನೂ ಅವರು ಕುಡಿಯದೆ ಉಳಿಸಿದ್ದರು. ಕೊನೆಯ ಬಾಗಿಲಲ್ಲಿ ನಾನೊಂದು ಚಿತ್ರ ತೋರಿಸುತ್ತೇನೆ. ಒಡೆಯ ದೊಡ್ಡ ಕುರ್ಚಿಯಲ್ಲಿ ಒಬ್ಬನೇ ಕೂತಿರುತ್ತಾನೆ. ಬಿಳಚಿದ ಮುಖ, ಹಳದಿ ಕಣ್ಣು, ಕೈಯಲ್ಲಿ ಕೆಂಪು ಬಟ್ಟಲು. ದಾನಮ್ಮ ಅದನ್ನು ನೋಡಿದಳು. ತಲೆಯ ಮೇಲೆ ತೂಗುತ್ತಿದ್ದ ಕೆಂಪು ಚೀಲ ನೋಡಿದಳು.

"ಸಿಸ್ಟರ್, ಇದನ್ನ ತಗೀರಿ."

"ಇನ್ನೂ ಅರ್ಧಾ ಐತಲ್ಲವಾ."

"ತಗೀರಿ ಅಂದ್ನೆಲ್ಲ! ನನಗ ಬ್ಯಾಡ ಮಂದಿ ರಕ್ತ. ಅವನ ಮುಖಾ ನೋಡ್ರಿ, ನನ್ನ ಮುಖಾ ನೋಡ್ರಿ. ಏನರ ಫರಕ ಐತೇನ್ರಿ? ಅವನ್ನ ಈಟೀಲೆ ತಿವದು ಕೊಲ್ಲಬೇಕಂತ. ನನ್ನ?"

ಸೂಜಿಯನ್ನು ತಾನೇ ಕಿತ್ತಳು. ಹಾಸಿಗೆಯ ಮೇಲೆಲ್ಲ ರಕ್ತ. ಶಾಹೀನ ಹೋ ಎಂದು ಅತ್ತಳು. ಎಸ್ತೇರಮ್ಮ ಓಡಿಬಂದು ಟಿವಿ ಆರಿಸಿದರು.

ಮುಂದಿನ ಸರದಿಗೆ ದಾನಮ್ಮ ಬರಲಿಲ್ಲ. ಇಪ್ಪತ್ತೊಂದು ದಿನವಾಯಿತು, ಇಪ್ಪತ್ತೈದಾಯಿತು. ಎಷ್ಟೋ ಮಕ್ಕಳನ್ನು ಹೆದರಿಸಿ ಖುಷಿಪಟ್ಟ ನಾನು ಒಂದು ಮಗುವನ್ನು ಕೊಲ್ಲುತ್ತಿದ್ದೇನಲ್ಲ, ನನ್ನನ್ನು ಯಾರಾದರೂ ಒಲೆಗೆ ಹಾಕಬಾರದೇ ಎಂದುಕೊಂಡೆ. ಮೂವತ್ತನೆಯ ದಿನ ಮಹಾನಂದಾ ಮಗಳನ್ನು ಹೆಗಲ ಮೇಲೆ ಹೊತ್ತು ತಂದಳು. ಹುಡುಗಿಯ ತುಟಿ ಕಾಗದದ ಹಾಗಿತ್ತು. ಕೈ ಮಾತ್ರ ಬಿಗಿಯಾಗಿ ಎದೆಗವಚಿಕೊಂಡಿದ್ದಳು, ಸೂಜಿಗೆ ಕೊಡಲೊಲ್ಲಳು.

ಎಸ್ತೇರಮ್ಮ ಬೈಯಲಿಲ್ಲ. ಮಂಚದ ಅಂಚಿಗೆ ಕೂತರು.

"ಹುಚ್ಚವ್ವಾ, ಅಂವ ಮಂದಿ ಕಡಿಂದ ಕಸಗೊಂಡು ಕುಡೀತಾನ. ನಿನಗ ಮಂದಿ ತಾವಾಗೆ ಕೈ ಚಾಚಿ ಕೊಟ್ಟಾರ. ಕಸಗೊಂಡಿದ್ದು ಬ್ಯಾರೆ, ಕೊಟ್ಟಿದ್ದು ಬ್ಯಾರೆ."

ದಾನಮ್ಮ ಟಿವಿಯ ಕಡೆ ತಲೆ ತಿರುಗಿಸಿದಳು. ಆಮೇಲೆ ಕೇಳಿದಳು.

"ಅವಗೂ ಯಾರರ ಕೊಟ್ಟಿದ್ರ, ಕಸಗೋತಿದ್ನೇನ್ರಿ?"

ಎಸ್ತೇರಮ್ಮ ಸೂಜಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ದಾನಮ್ಮ ತಾನಾಗಿಯೇ ಕೈ ಚಾಚಿದಳು.

ಜ್ವರ ಬಂದು ಶಾಹೀನಳೂ ಆ ವಾರ ವಾರ್ಡಿನಲ್ಲೇ ಇದ್ದಳು. ಆ ಮಧ್ಯಾಹ್ನ ಮೈಗೆ ಸ್ವಲ್ಪ ಬಿಸಿ ಬಂದ ಮೇಲೆ ದಾನಮ್ಮ ಟಿವಿ ಹಚ್ಚಿಸಿದಳು. ಏಳು ದೀಪದ ಹಳೆಯ ಗುರುತು ತುಂಬಿ, ಇಬ್ಬರೂ ಸೇರಿ ಎಂಟನೆಯ ಅಂತಸ್ತನ್ನು ಮತ್ತೆ ಹತ್ತಿದರು. ಬೇಟೆಗಾರ ಕೊನೆಯ ಬಾಗಿಲ ಮುಂದೆ ನಿಂತ. ನನ್ನ ಆಟದಲ್ಲಿ ಶೀಶೆಯನ್ನು ಕುಡಿಯಬಹುದು, ಇಲ್ಲವೇ ನೆಲದ ಮೇಲೆ ಇಟ್ಟೂ ಹೋಗಬಹುದು. ಕೆಳಗಿನ ದಿಕ್ಕು ಮತ್ತು ಹೊಡೆಯುವ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಸಾಕು.

"ಶಾಹೀನ, ಕೆಳಗ ಒತ್ತು."

ಕೆಂಪು ಶೀಶೆಯೊಂದು ಬಾಗಿಲ ಬುಡದಲ್ಲಿ ಕೂತಿತು.

"ಅಯ್ಯ, ಯಾಕಕ್ಕಾ? ನಮಗ ಕಡಿಮಿ ಬೀಳ್ತೈತಿ!"

"ಬೀಳಲಿ. ಧಣಿಗೆ ಒಂದ ಇಟ್ಟೀನಿ."

ಇಬ್ಬರೂ ಕಾದರು. ಬಾಗಿಲು ತೆರೆಯಲಿಲ್ಲ. ಒಡೆಯ ಹೊರಗೆ ಬಂದು ಶೀಶೆ ಎತ್ತಿಕೊಳ್ಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೆ, ಆಣೆ ಮಾಡಿ ಹೇಳುತ್ತೇನೆ, ಅವತ್ತು ಅವನನ್ನು ಹೊರಗೆ ಕಳಿಸುತ್ತಿದ್ದೆ. ದಾನಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಹೊಸ ಗುರುತನ್ನು ಕಣ್ತುಂಬ ನೋಡಿಕೊಂಡು ಆಟ ನಿಲ್ಲಿಸಿದಳು. ಆಮೇಲೆ ಎಷ್ಟು ಸಲ ಬಂದರೂ ಆ ಬಾಗಿಲ ತನಕ ಬಂದು, ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗದೆ ನಿಲ್ಲಿಸುತ್ತಿದ್ದಳು.

ಬದುಕಿಸಲು ಕೊಟ್ಟ ರಕ್ತದಲ್ಲಿ ಕಬ್ಬಿಣವೂ ಇರುತ್ತದಂತೆ. ಅದು ವರ್ಷವರ್ಷ ಅವಳ ಎದೆಯಲ್ಲಿ ಕೂಡಿಕೊಳ್ಳುತ್ತ ಹೋಯಿತು. ಹದಿಮೂರನೆಯ ವಯಸ್ಸಿನಲ್ಲಿ, ಒಂದು ಸೋಮವಾರ, ದಾನಮ್ಮನ ಎದೆ ನಿಂತಿತು. ಶಾಹೀನ ತನ್ನ ಸರದಿಗೆ ಬಂದಾಗ ಪಕ್ಕದ ಮಂಚ ಖಾಲಿ.

"ಸಿಸ್ಟರ್, ಅಕ್ಕ ಯಾವಾಗ ಬರ್ತಾಳ್ರಿ?"

ಎಸ್ತೇರಮ್ಮ ಚಾದರ ಬದಲಿಸುತ್ತ ಗೋಡೆಯ ಕಡೆ ತಿರುಗಿದರು. ಅವತ್ತು ಹಿಡಿಕೆಯ ಅರ್ಧ ಭಾಗಕ್ಕೆ ಕೈಯಿರಲಿಲ್ಲ. ಬೇಟೆಗಾರ ಎಡಕ್ಕೆ ಬಲಕ್ಕೆ ಸುಮ್ಮನೆ ನಡೆದಾಡಿ ಮೊದಲ ಅಂತಸ್ತಿನಲ್ಲೇ ಬಿದ್ದ.

ಸ್ವಲ್ಪ ದಿನದಲ್ಲಿ ಗೇಮ್ ಪೆಟ್ಟಿಗೆ ಕೆಟ್ಟಿತು. ಎಸ್ತೇರಮ್ಮ ನನ್ನನ್ನು ಒಯ್ದು ಮಹಾನಂದಾಳ ಕೈಗಿಟ್ಟರು.

"ಇದರಾಗ ಏನ ಐತ್ರಿ?" ಎಂದು ಆಕೆ ಕೇಳಿದಳು.

"ನಿಮ್ಮ ಮಗಳ ಆಟ ಐತಿ," ಎಂದರು ಎಸ್ತೇರಮ್ಮ. ಪಿಶಾಚಿಯ ಸುದ್ದಿ ಎತ್ತಲಿಲ್ಲ.

ಮಹಾನಂದಾ ನನ್ನನ್ನು ಕಣ್ಣಿಗೊತ್ತಿಕೊಂಡಳು. ನೆಟ್ಟಗೆ ಒಯ್ದು ದೇವರ ಜಗಲಿಯ ಮೇಲೆ, ವೀರಭದ್ರ ದೇವರ ಫೋಟೋದ ಪಕ್ಕ ಇಟ್ಟಳು. ನೋಡಿದಿರಾ ನನ್ನ ಹಣೆಬರಹ! ರಕ್ತಪಿಶಾಚಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ನಕಲಿ ಡಬ್ಬಿಗೆ ದಿನಾ ಮುಂಜಾನೆ ವಿಭೂತಿ, ದೀಪ, ಒಂದು ಹೂವು. ವೀರಭದ್ರ ದೇವರು ಕಣ್ಣು ಕೆಂಪಗೆ ಮಾಡಿ ನನ್ನನ್ನೇ ನೋಡುವಂತಿರುತ್ತಿತ್ತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಆಕೆ ಪೂಜೆ ಮಾಡುತ್ತಿರುವುದು ನನಗಲ್ಲ ಎಂದು ತಿಳಿದು ಸುಮ್ಮನಾದೆ.

ಜಗಲಿಯ ಮೇಲಿಂದ ಹೊಸ್ತಿಲು ಕಾಣುತ್ತಿತ್ತು. ಮಗಳು ಕೊನೆಯ ವರ್ಷವೆಲ್ಲ ಹಾಕುತ್ತಿದ್ದ ರಂಗೋಲಿಯನ್ನೇ ತಾಯಿ ದಿನಾ ಹಾಕುತ್ತಿದ್ದಳು. ದಸರೆಯಿರಲಿ, ದೀಪಾವಳಿಯಿರಲಿ, ಅದೊಂದೇ. ಪಕ್ಕದ ಮನೆಯ ಹೆಂಗಸರು ಒಮ್ಮೊಮ್ಮೆ ಹೇಳುವರು: "ಮಹಾನಂದಕ್ಕಾ, ಕೊನೀ ಸಾಲಿನ್ಯಾಗ ಒಂದು ಚುಕ್ಕಿ ಹಂಗ ಬಿಟ್ಟೀಯಲ್ಲ, ಒಂದು ಚಂದ್ರ ಹಾಕಬಾರದ?"

"ಅಕಿ ಬಿಟ್ಟಿದ್ದು ನಾ ತುಂಬೂದಿಲ್ಲವಾ," ಎನ್ನುವಳು. "ಕೂಸಿಗೆ ದಣಿವಾಗಿತ್ತೋ ಏನೋ, ಕೊನೇಕ ಬಿಟ್ಟ ಬಿಡ್ತಿತ್ತು." ಇಷ್ಟು ಹೇಳಿ ಒಳಗೆ ಬಂದು ರೊಟ್ಟಿ ಬಡಿಯಲು ಕೂರುವಳು. ಅವತ್ತು ಬಡಿತದ ಸದ್ದು ಜೋರಾಗಿರುತ್ತಿತ್ತು.

ಹೀಗೆ ಇಪ್ಪತ್ನಾಲ್ಕು ವರ್ಷ ಹೋದವು. ಆಕೆಯ ತಲೆ ಬೆಳ್ಳಗಾಯಿತು, ನನ್ನ ಹಳದಿ ಬಣ್ಣ ಮಾಸಿತು. ನನ್ನ ಪಟ್ಟಿಗಳ ಸಂದಿಯಲ್ಲೆಲ್ಲ ವಿಭೂತಿ ಗಟ್ಟಿಯಾಗಿ ಕೂತಿತು.

ಹೋದ ಶ್ರಾವಣದಲ್ಲಿ ಒಂದು ದಿನ ಮುಂಜಾನೆ ಹೊಸ್ತಿಲ ಹೊರಗೆ ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತು ದಾಟಿದ ವಯಸ್ಸು, ಬಗಲಲ್ಲಿ ಚೀಲ. ಕಾಲೆತ್ತಿ ಒಳಗಿಡಲು ಹೋದವಳು ರಂಗೋಲಿ ನೋಡಿ ಹಾಗೇ ನಿಂತುಬಿಟ್ಟಳು.

"ಇದನ್ನ ಯಾರು ಹಾಕ್ಯಾರ್ರಿ?"

"ನಾನ ಹಾಕೀನಿ. ನನ್ನ ಮಗಳು ಹಾಕ್ತಿದ್ಲು. ನೀವು ಯಾರವಾ?"

"ನಾ ಶಾಹೀನರೀ. ದವಾಖಾನ್ಯಾಗ ಅಕ್ಕನ ಬಾಜೂ ಮಂಚದಾಕಿ."

ಶಾಹೀನ ಬದುಕಿದ್ದಳು! ಕಬ್ಬಿಣ ತೆಗೆಯುವ ಗುಳಿಗೆ ಅವಳ ಕಾಲಕ್ಕೆ ಬಂದಿತ್ತು. ಈಗಲೂ ಇಪ್ಪತ್ತೊಂದು ದಿನಕ್ಕೊಮ್ಮೆ ರಕ್ತ ಏರಿಸಿಕೊಳ್ಳುತ್ತಾಳೆ, ಉಳಿದ ದಿನ ಬ್ಲೌಸ್ ಹೊಲಿಯುತ್ತಾಳೆ. ಗುಜರಿಯಲ್ಲಿ ಹಳೆಯ ಗೇಮ್ ಪೆಟ್ಟಿಗೆಯೊಂದು ಸಿಕ್ಕಿ, ಅದನ್ನು ರಿಪೇರಿ ಮಾಡಿಸಿ, ನಿವೃತ್ತರಾದ ಎಸ್ತೇರಮ್ಮನಿಂದ ಮನೆಯ ವಿಳಾಸ ಕೇಳಿಕೊಂಡು ಬಂದಿದ್ದಳು.

ಮಹಾನಂದಾ ನನ್ನನ್ನು ಜಗಲಿಯಿಂದ ಇಳಿಸಿದಳು. ಮನೆಯ ಡಬ್ಬಾ ಟಿವಿಗೆ ಪೆಟ್ಟಿಗೆ ಜೋಡಿಸಿ ಶಾಹೀನ ನನ್ನನ್ನು ಸಿಕ್ಕಿಸಿದಳು. ಪರದೆಯ ಮೇಲೆ ಬರೀ ಗೆರೆ. ಇಷ್ಟು ವರ್ಷ ಹೂವು ಏರಿಸಿಕೊಂಡು ಇವತ್ತು ಕೈ ಕೊಡುವುದೇ? ಶಾಹೀನ ನನ್ನನ್ನು ತೆಗೆದು, ಬಾಯಿಂದ ಊದಿ, ಸೆರಗಿನಲ್ಲಿ ಪಟ್ಟಿ ಒರೆಸಿ ಮತ್ತೆ ಸಿಕ್ಕಿಸಿದಳು. ಚಂದ್ರ ಮೂಡಿದ.

"ಅಮ್ಮಾ, ರಂಗೋಳಿ ಹೇಳ್ರಿ."

ಓದು ಬರಹ ಬಾರದ ಮಹಾನಂದಾ ಕಣ್ಣು ಮುಚ್ಚಿ ಒಂದೊಂದೇ ಹೇಳಿದಳು. ದೀಪ, ದೀಪ, ಚಂದ್ರ, ದೀಪ. ಒಂದೂ ತಪ್ಪಲಿಲ್ಲ. ಕೊನೆಯ ಸಾಲು: "ಚಂದ್ರ, ದೀಪ, ಚಂದ್ರ... ಆಮ್ಯಾಲ ಬಿಟ್ಟಿದ್ದು."

ಬೇಟೆಗಾರ ಕೊನೆಯ ಬಾಗಿಲ ಮುಂದೆ ಬಂದು ನಿಂತ. ಸುಮ್ಮನೆ ನಿಂತಾಗ ಅವನ ಎದೆ ಮೆಲ್ಲಗೆ ಏರಿ ಇಳಿಯುತ್ತದೆ. ಎರಡೇ ಚಿತ್ರಗಳ ಆಟ ಅದು, ಬೇರೇನೂ ಅಲ್ಲ.

"ಅಕಿ ಇಲ್ಲೇ ನಿಂತಿದ್ಲಾ?" ಮಹಾನಂದಾ ಟಿವಿಯ ಗಾಜನ್ನು ಮುಟ್ಟಿದಳು. "ಉಸಿರಾಡಾಕತ್ತೇತಿ ನೋಡವಾ."

ಶಾಹೀನ ಕಣ್ಣೊರೆಸಿಕೊಂಡು ಮೂಲೆಯಲ್ಲಿದ್ದ ಶೀಶೆಗಳನ್ನು ಎಣಿಸಿದಳು. ಏಳು.

"ಅಮ್ಮಾ, ಅಕ್ಕ ಅದನ್ನ ದಣದು ಬಿಟ್ಟಿದ್ದಲ್ಲ. ಒಂದೊಂದು ಚಂದ್ರ ಅಂದ್ರ ಒಂದೊಂದು ಜೀವದ ಶೀಶೆ, ನಮಗ ರಕ್ತ ಇದ್ದಂಗ. ಒಳಗ ಒಬ್ಬಾಂವ ಅದಾನ, ನಮ್ಮಂಗ, ರಕ್ತ ಇಲ್ಲದ ಬದುಕೂದಿಲ್ಲ. ಅವನ್ನ ಕೊಲ್ಲೂದು ಆಟ. ಅಕ್ಕ ಕೊಲ್ಲಲಿಲ್ಲ. ತನ್ನ ಕಡಿಂದು ಒಂದು ಅವಗ ಕೊಟ್ಟಳು. ಆ ಚುಕ್ಕಿ ಅದರೀ."

ಕಾಲೇಜಿನ ಗೇಟಿನಲ್ಲಿ ಹದಿಮೂರು ವರ್ಷ ಕೈಯೊಡ್ಡಿ ನಿಂತವಳು ಹೊಸ್ತಿಲ ಕಡೆ ನೋಡಿದಳು.

"ಕೊಟ್ಟಳಾ? ನನ್ನ ಕೂಸು ಕೊಟ್ಟಳಾ?" ಎಂದವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟು ವರ್ಷ ಜಗಲಿಯ ಮೇಲಿದ್ದ ನಾನು ಆಕೆ ಅತ್ತಿದ್ದನ್ನು ನೋಡಿದ್ದು ಅದೇ ಮೊದಲು. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಕೇಳಿದಳು. "ನಾನೂ ಒಂದು ಕೊಡಬೌದೇನವಾ?"

ಶಾಹೀನ ಹಿಡಿಕೆಯನ್ನು ಇಬ್ಬರ ನಡುವೆ ಇಟ್ಟಳು. ತಾನು ಎಡಗೈಯಿಂದ ಕೆಳಗಿನ ದಿಕ್ಕು ಒತ್ತಿ ಹಿಡಿದಳು. ರೊಟ್ಟಿ ಬಡಿದು ಜಡ್ಡುಗಟ್ಟಿದ ಬಲಗೈ ಬೆರಳು ಹೊಡೆಯುವ ಗುಂಡಿಯ ಮೇಲೆ ಬಂತು. ಬಾಗಿಲ ಬುಡದಲ್ಲಿ ಕೆಂಪು ಶೀಶೆ ಕೂತಿತು.

ಈಗ ಮತ್ತೆ ಜಗಲಿಯ ಮೇಲಿದ್ದೇನೆ. ಒಳಗಿನ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತಿದೆ, ಇನ್ನೆಷ್ಟು ಸಲ ಚಂದ್ರ ಮೂಡಿಸುತ್ತೇನೋ ಗೊತ್ತಿಲ್ಲ. ಕೊಲ್ಲುವುದಕ್ಕೆಂದು ಮಾಡಿದ ಆಟ ನಾನು. ನನ್ನ ಕೊನೆಯ ಬಾಗಿಲಿನ ತನಕ ಬಂದವರು ಯಾರೂ ಕೊಲ್ಲಲಿಲ್ಲ, ಅದಕ್ಕೆ ನನಗೀಗ ಬೇಸರವಿಲ್ಲ. ದಾನಮ್ಮ ಇನ್ನಷ್ಟು ವರ್ಷ ಇರಬೇಕಿತ್ತು ಎಂಬುದೊಂದೇ ಸಂಕಟ. ಅದು ಹೋಗುವುದಿಲ್ಲ.

ಶಾಹೀನ ಬಂದು ಹೋದ ಮರುದಿನ ಮುಂಜಾನೆ ಮಹಾನಂದಾ ಎಂದಿನಂತೆ ಅಂಗಳ ಸಾರಿಸಿ ಚುಕ್ಕಿ ಇಟ್ಟಳು. ಪಕ್ಕದ ಮನೆಯಾಕೆ ನಿಂತು ನೋಡಿ, "ಇವತ್ತ ಎರಡು ಬಿಟ್ಟೀಯಲ್ಲಕ್ಕಾ?" ಎಂದಳು.

"ಹೂಂ," ಎಂದಳು ಮಹಾನಂದಾ. "ಒಂದು ಅಕಿದು, ಒಂದು ನಂದು."