ಕೈ ಬಿಟ್ಟರೆ ನಿಲ್ಲುವ ಎಂಜಿನ್

ಸಂಖದ ಕೆರೆಯ ನಡುನೀರಿನಲ್ಲಿ ವಿಠೋಬಾನ ದೋಣಿಯ ಎಂಜಿನ್ ಆ ಬೆಳಿಗ್ಗೆ ಏಳನೆಯ ಸಲ ನಿಂತಿತು. ಹಗ್ಗ ಎಳೆದರೆ ತಕ್ಷಣ ಶುರುವಾಗುತ್ತಿತ್ತು, ಹಿಡಿಕೆ ತಿರುವಿದರೆ ನೀರು ಸೀಳಿಕೊಂಡು ಓಡುತ್ತಿತ್ತು. ಬಲೆ ಬಿಡಲೆಂದು ಹಿಡಿಕೆ ಸಡಿಲಿಸಿ ಎದ್ದನೋ, ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಅಷ್ಟರಲ್ಲಿ ಗಾಳಿ ದೋಣಿಯನ್ನು ಬಲೆಯ ಮೇಲೆಯೇ ದೂಡಿರುತ್ತಿತ್ತು.

ಇಷ್ಟು ವರ್ಷ ಹೆಂಡತಿ ಶೇವಂತಾ ದೋಣಿಯ ಹಿಂದೆ ಎಂಜಿನ್ ಪಕ್ಕದಲ್ಲಿ ಕೂತಿರುತ್ತಿದ್ದಳು, ಅವನು ಮುಂದೆ ಬಲೆ ಬಿಡುತ್ತಿದ್ದ. ಹೋಳಿಯ ಮರುದಿನ ದಂಡೆಯಲ್ಲಿ, ಮೀನು ಕೊಳ್ಳಲು ಬಂದವರ ಎದುರಿಗೆ ಅವನು, "ಇಕಿ ದೋಣ್ಯಾಗ ಕೂಡೂದು ಬಿಟ್ಟು ಏನೂ ಮಾಡಂಗಿಲ್ಲ. ಬಲಿ ಹಿಡಿ ಬಾ ಅಂದ್ರ ಏಳಂಗಿಲ್ಲ," ಎಂದಿದ್ದ. ಅವರೆಲ್ಲ ನಕ್ಕರು. ಸಂಜೆ ಅಸಂಗಿಯ ತವರಿಗೆ ಹೋದ ಶೇವಂತಾ ದಸರೆ ಕಳೆದರೂ ತಿರುಗಿ ಬರಲಿಲ್ಲ. ದಂಡೆಯ ತಗಡಿನ ಶೆಡ್ಡಿನಲ್ಲಿ ವಿಠೋಬಾ ಒಬ್ಬನೇ ಉಳಿದ. ಬೇಸಿಗೆಗೆ ನೀರು ಇಳಿದು ದೋಣಿ ದಂಡೆಯಲ್ಲೇ ಬಿದ್ದಿತ್ತು; ಮಳೆಗೆ ಕೆರೆ ತುಂಬಿದ ಮೇಲೆ ಈಗಷ್ಟೇ ಮತ್ತೆ ಇಳಿಸಿದ್ದ.

ಎಂಜಿನ್ನಿನ ಪ್ಲಗ್ ಬದಲಿಸಿದ, ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಹೊಸದಾಗಿ ಬೆರೆಸಿದ. ಏನೂ ಫರಕು ಬೀಳಲಿಲ್ಲ. ಕೊನೆಗೆ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಟೆಂಪೋದಲ್ಲಿ ಹಾಕಿಕೊಂಡು ಉಮದಿಗೆ ಹೋದ. ಅಲ್ಲಿ ಶಂಕರಲಿಂಗನೆಂಬ ಹುಡುಗ ಬೆಳೆಗೆ ಔಷಧ ಹೊಡೆಯುವ ಪಂಪು, ಹಳೇ ಮೋಟಾರ್‌ಸೈಕಲ್ಲು ರಿಪೇರಿ ಮಾಡುತ್ತಿದ್ದ.

"ದೋಣೀದು ನಾ ಬಿಚ್ಚಿಲ್ಲ ಕಾಕಾ. ಆದ್ರ ಟೂ ಸ್ಟ್ರೋಕ್ ಅಂದ್ರ ಎಲ್ಲಾ ಒಂದ ಜಾತಿ," ಎಂದು ಅವನು ಎಂಜಿನ್ನಿನ ಬುಡವನ್ನು ನೀರಿನ ಪೀಪಾಯಿಯೊಳಗೆ ಇಳಿಸಿ ಶುರು ಮಾಡಿದ. ಹಿಡಿಕೆ ಬಿಟ್ಟೊಡನೆ ನಿಂತಿತು. ಕಾರ್ಬರೇಟರಿನ ಸಂದಿಗಳಿಗೆ ಎಣ್ಣೆ ಸವರಿ ಮತ್ತೆ ಓಡಿಸಿ, ಸಪ್ಪಳ ಬದಲಾಗುವುದೋ ಎಂದು ಕಿವಿಗೊಟ್ಟ. ಬದಲಾಗಲಿಲ್ಲ. ಎಲ್ಲಿಂದಲೂ ಗಾಳಿ ಒಳನುಗ್ಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಾರ್ಬರೇಟರನ್ನೇ ಬಿಚ್ಚಿದ. ಒಳಗಿಂದ ಪುಟ್ಟ ಹಿತ್ತಾಳೆ ಜೆಟ್ ತೆಗೆದು ಬಿಸಿಲಿಗೆ ಹಿಡಿದ.

"ಇದರ ತೂತು ಕಾಣಸ್ತದೇನ್ರಿ? ಎಂಜಿನ್ ನಿಧಾನ ಇದ್ದಾಗ ಇದರಾಗಿಂದನ ಪೆಟ್ರೋಲ್ ಬರಬೇಕು. ಪೂರಾ ಕಟ್ಟ್ಯದ. ಮೂರು ನಾಕು ವರ್ಷದ ರಾಡಿ ಇದು, ಕಲ್ಲಾಗ್ಯದ."

"ಮೂರು ವರ್ಷ ಎಲ್ಲೀದು ತಮ್ಮಾ. ಹೋಳಿ ತನಕಾ ಚಲೋ ನಡೀತಿತ್ತು."

"ತಾನ ನಡ್ಯಾಕ ಸಾಧ್ಯ ಇಲ್ರಿ. ಯಾರೋ ಹಿಡಿಕಿ ಬಿಡಲಾರದ ಹಿಡಕೊಂಡು ಕೂತಿರಬೇಕು. ನಿಲ್ಲಾಕ ಬಂತು ಅಂದ್ರ ತುಸು ತಿರುವೂದು, ಮತ್ತ ಬಿಡೂದು. ಭಾಳ ಲಕ್ಷ್ಯ ಬೇಕು ಅದಕ್ಕ."

ಶಂಕರಲಿಂಗ ತಾಮ್ರದ ತಂತಿಯ ಒಂದೇ ಎಳೆಯಿಂದ ತೂತು ಬಿಡಿಸಿ, ಗಾಳಿ ಹೊಡೆದು, ಎಲ್ಲವನ್ನೂ ಮರಳಿ ಜೋಡಿಸಿದ. ಎಂಜಿನ್ ಪೀಪಾಯಿಯಲ್ಲಿ ಯಾರ ಕೈಯೂ ಇಲ್ಲದೆ ಸಣ್ಣಗೆ ಓಡತೊಡಗಿತು. ವಿಠೋಬಾ ಅದನ್ನು ಅಲ್ಲೇ ಬಿಟ್ಟು ಅಸಂಗಿಯ ದಾರಿ ಹಿಡಿದ.

ಶೇವಂತಾ ಅಣ್ಣನ ಅಂಗಳದಲ್ಲಿ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು. ನೀರು ತಂದುಕೊಟ್ಟು ಮತ್ತೆ ಕೆಲಸಕ್ಕೆ ಕೂತಳು.

"ಕೈ ಬಿಟ್ರ ಎಂಜಿನ್ ನಿಲ್ಲತಿತ್ತು ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿಲ್ದ ಏನ್ರಿ."

"ನನಗ ಹೇಳಬೇಕಿಲ್ಲ?"

"ಹೇಳಿದ್ನಿ. ಚಲೋ ನಡ್ಯೂ ಎಂಜಿನ್‌ಗೆ ಹೆಸರಿಡಬ್ಯಾಡ ಅಂದ್ರಿ."

ಅವನಿಗೆ ಅದು ನೆನಪೇ ಇರಲಿಲ್ಲ. ದೋಣಿಯಲ್ಲಿ ಎಷ್ಟೋ ಸಲ ತಿರುಗಿ ನೋಡಿದಾಗ ಅವಳು ಮುಖ ಬಿಗಿಹಿಡಿದು ಕೂತಿರುತ್ತಿದ್ದಳು. ಸಿಟ್ಟೆಂದು ತಿಳಿದಿದ್ದ.

"ತಪ್ಪಾತು. ಅವತ್ತ ಹಂಗ ಅನ್ನಬಾರದಿತ್ತು."

ಶೇವಂತಾ ತಲೆ ಎತ್ತಲಿಲ್ಲ. "ಮಂದಿ ಮುಂದ ಅಂದಿದ್ರಿ. ಈಗ ಒಬ್ಬರ ಬಂದು ಹೇಳಾಕತ್ತೀರಿ."

ಅವಳು ರೊಟ್ಟಿ ನೀಡಿದಳು, ಹಗ್ಗ ಎಳೆದು ಎಳೆದು ಬೊಬ್ಬೆ ಬಂದ ಅವನ ಅಂಗೈ ನೋಡಿ ತಾನೇ ರೊಟ್ಟಿ ಮುರಿದು ತಾಟಿನಲ್ಲಿಟ್ಟಳು. ಬಾ ಎಂದು ಅವನು ಕರೆಯಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ.

ಆ ಭಾನುವಾರ ಮೀನು ಕೊಳ್ಳುವವರು ದಂಡೆಗೆ ಬಂದರು. ಬುಟ್ಟಿ ಇಳಿಸುವ ಮೊದಲೇ ವಿಠೋಬಾ ಹೇಳಿದ: "ಹೋಳಿ ಮರದಿನ ನಾ ಇಲ್ಲಿ ಶೇವಂತಾಗ ಕೂಡೂದು ಬಿಟ್ಟು ಏನೂ ಮಾಡಂಗಿಲ್ಲ ಅಂದಿದ್ನಿ. ಅದು ಸುಳ್ಳ. ಎಂಜಿನ್ ಕೆಟ್ಟಿತ್ತು. ಮೂರು ವರ್ಷ ಅಕಿ ಕೈಮ್ಯಾಲೆ ದೋಣಿ ನಡೀತು."

ಯಾರಿಗೂ ಆ ದಿನ ನೆನಪಿದ್ದಂತೆ ಕಾಣಲಿಲ್ಲ. ಒಬ್ಬ ತಕ್ಕಡಿ ಸರಿಮಾಡಿಕೊಂಡ. ಊರೂರು ತಿರುಗಿ ಮೀನು ಮಾರುವ ಇಂದ್ರಾಬಾಯಿ ಮಾತ್ರ ಅವನ ಮುಖ ನೋಡಿ ಕೇಳಿದಳು: "ಅಸಂಗಿ ಕಡೆ ಹೋದ್ರ ಹೇಳ್ಲೇನ್ರಿ?"

"ಹೇಳ್ರಿ. ಎಲ್ಲಾರ ಮುಂದ ಅಂದ ಅಂತ ಹೇಳ್ರಿ."

ಅವರೆಲ್ಲ ಹೋದ ಮೇಲೆ ದಂಡೆ ಬರಿದಾಯಿತು. ಬಲೆಯ ಸಿಕ್ಕು ಬಿಡಿಸಲು ಎರಡು ಕಡೆ ಹಿಡಿಯುವವರು ಬೇಕು. ವಿಠೋಬಾ ಒಂದು ತುದಿಯನ್ನು ಜಾಲಿಗಿಡಕ್ಕೆ ಕಟ್ಟಿ, ಇನ್ನೊಂದು ತುದಿಯಿಂದ ಬಿಡಿಸತೊಡಗಿದ.