ಫೆಂಗ್‌ಶುಯಿ ಮತ್ತು ಅತ್ತೆಯ ಹಂಡೆ

ಫೆಂಗ್‌ಶುಯಿಯಲ್ಲಿ ಧಾತುಗಳು ಐದಂತೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಯಜಮಾನರು ನರೇಂದ್ರ ಇದನ್ನು ಮೊಬೈಲಿನಲ್ಲಿ ಕಲಿತಾಗಿನಿಂದ ಅಟ್ಟೂರಿನ ನಮ್ಮ ಮನೆಯಲ್ಲಿ ಒಂದು ಕುರ್ಚಿಯೂ ನೆಮ್ಮದಿಯಾಗಿ ನಿಂತಿಲ್ಲ. ಸೋಫಾ ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದುಹೋಯಿತು. ಸಹಿಸಿಕೊಂಡೆ. ಆಮೇಲೆ ಅವರ ಕಣ್ಣು ಬಿದ್ದಿದ್ದು ಹಿತ್ತಿಲ ಬಚ್ಚಲಿನಲ್ಲಿದ್ದ ಅತ್ತೆಯ ತಾಮ್ರದ ಹಂಡೆಯ ಮೇಲೆ.

ಫೋನಿನಲ್ಲೇ ಸಲಹೆ ಕೊಡುವ ತಜ್ಞ ಚನ್ನು ಹೇಳಿದ್ದರಂತೆ: ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಮೂರೂ ಒಂದೇ ಕಡೆ ಇದ್ದರೆ ಮನೆಯಲ್ಲಿ ಜಗಳ. ಹಂಡೆ ಮಾರಿ ನಡುಮನೆಯಲ್ಲಿ ಕಾರಂಜಿ ಇಡಬೇಕಂತೆ.

ಅತ್ತೆ ಮುನಿನಾರಾಯಣಮ್ಮನವರಿಗೆ ಅದು ತವರಿನಿಂದ ಬಂದ ಹಂಡೆ. ಬೆಳಿಗ್ಗೆ ಅದರ ಬಿಸಿನೀರು ಬಿದ್ದರೇನೇ ಅವರ ಮಂಡಿ ಮಡಚುವುದು. "ಈ ದೀಪಾವಳಿ ಒಂದ್ ಆಗೋಗ್ಲಿ ಕಣಪ್ಪ," ಎಂದಷ್ಟೇ ಮಗನಿಗೆ ಹೇಳಿದರು.

ನೀರು ತುಂಬುವ ಹಬ್ಬದ ಸಂಜೆ ಅತ್ತೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಅದರ ಕೊರಳಿಗೆ ಹಾಗಲಬಳ್ಳಿ ಸುತ್ತಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನೂ ನೋಡಿದೆ.

ಮರುದಿನ ಬೆಳಿಗ್ಗೆಯೇ ಚನ್ನು ಕಾರಂಜಿಗೆ ಜಾಗ ಗುರುತಿಸಲು ಬಂದ. ನಾನು ಯಾರೋ ಗಡ್ಡದ ಗುರುಗಳು ಅಂದುಕೊಂಡಿದ್ದೆ. ನೋಡಿದರೆ ಮೂವತ್ತು ತುಂಬದ ಗದಗಿನವನು. ಹಬ್ಬಕ್ಕೆ ಊರಿಗೆ ಹೋಗಲು ಬಸ್ಸು ಸಿಗದೆ ಜಕ್ಕೂರಿನ ರೂಮಿನಲ್ಲೇ ಉಳಿದಿದ್ದನಂತೆ.

ಅವನು ದಿಕ್ಸೂಚಿ ತೆಗೆಯುವಷ್ಟರಲ್ಲಿ ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದರು.

"ಅಬ್ಬದ್ ದಿನ ಒಣತಲೇಲಿ ಬಂದಿದ್ದೀಯಲ್ಲಪ್ಪ! ಕೂತ್ಕೋ."

ನೆತ್ತಿಗೆ ಹರಳೆಣ್ಣೆ ಸುರಿದೇಬಿಟ್ಟರು. ಎಣ್ಣೆ ಕಿವಿಗಿಳಿದು ಅಂಗಿಗೆ ಬರುತ್ತಿತ್ತು. ಸ್ನಾನ ಮಾಡದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಬಚ್ಚಲಿಗೆ ಹೋದವನು ಬರಲೇ ಇಲ್ಲ. ತಂಬಿಗೆಯ ಸದ್ದು, ನಡುನಡುವೆ "ಯವ್ವಾ, ಆಹಾ!" ಕಾರಂಜಿಯ ಫೋಟೋ ಹಿಡಿದು ನಮ್ಮವರು ಬಾಗಿಲಲ್ಲೇ ಕಾದರು. ಕೊನೆಗೆ ನಮ್ಮವರದೇ ಪಂಚೆ ಉಟ್ಟು, ಕೆಂಪಗೆ ಬೆಂದು ಹೊರಬಂದ.

"ಸಾರ್, ಹಂಡೆ ಯಾವತ್ತು ತೆಗೆಸ್ಲಿ?"

ಚನ್ನು ಬಚ್ಚಲ ನೀರು ಹರಿದು ಬುಡ ಸೇರುತ್ತಿದ್ದ ತೆಂಗಿನಮರ ನೋಡಿದ. ಅದರದೇ ಮಟ್ಟೆ ಉರಿಯುತ್ತಿದ್ದ ಒಲೆ ನೋಡಿದ.

"ತೆಗೀಬ್ಯಾಡ್ರಿ! ನೀರು ಮರಾ ಬೆಳಸ್ತದ, ಮರ ಬೆಂಕಿಗೆ ಆಗ್ತದ, ಬೆಂಕಿ ಬೂದಿಯಾಗಿ ಮಣ್ಣಾಗ್ತದ, ಮಣ್ಣಾಗ ತಾಮ್ರ ಹುಟ್ತದ, ತಾಮ್ರ ನೀರು ಹಿಡೀತದ. ಐದೂ ಇಲ್ಲೇ ಅದಾವ್ರೀ!"

"ಫೋನಲ್ಲಿ ಜಗಳ ಆಗತ್ತೆ ಅಂದಿದ್ರಲ್ಲ?"

"ಅವಾಗ ಜಳಕಾ ಮಾಡಿದ್ದಿಲ್ರೀ."

ಅತ್ತೆ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ಮಗನ ನೆತ್ತಿಗೆ ಸುರಿದರು.